ಎಸ್‌ಜಿಪಿಟಿ ಪಕ್ಕದ ಸ್ಟಾರ್

ಲ್ಯಾಬ್ ರಿಪೋರ್ಟನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುವವರು ಕಡಿಮೆ. ಕವರು ಬಿಚ್ಚಿದ ಕೂಡಲೇ ಕಣ್ಣು ಹುಡುಕುವುದು ದಪ್ಪಕ್ಷರದ ಅಂಕಿಯನ್ನು, ಇಲ್ಲವೇ ಗಡಿ ಮೀರಿದ ಅಂಕಿಯ ಪಕ್ಕದಲ್ಲಿ ಹಾಕುವ ಸ್ಟಾರನ್ನು. ಸ್ಟಾರ್ ಕಂಡರೆ ಎದೆ ಧಸಕ್ ಎನ್ನುತ್ತದೆ. ಕಾಣದಿದ್ದರೆ ಹಾಳೆ ಮಡಿಚಿಕೊಂಡು ಬೀರು ಸೇರುತ್ತದೆ. ಸಕ್ಕರೆ, ಥೈರಾಯ್ಡ್ ಮುಂತಾದ ಪರೀಕ್ಷೆಗಳಲ್ಲಿ ಈ ಅಭ್ಯಾಸದಿಂದ ಅಷ್ಟೇನೂ ಕೇಡಿಲ್ಲ. ಫ್ಯಾಟಿ ಲಿವರ್, ಅಂದರೆ ಲಿವರಿನಲ್ಲಿ ಕೊಬ್ಬು ಸೇರಿಕೊಂಡಿರುವವರ ವಿಷಯದಲ್ಲಿ ಹಾಗಲ್ಲ. ಅಷ್ಟು ಹೆದರಬೇಕಿಲ್ಲದವರು ನಿದ್ದೆಗೆಡುತ್ತಾರೆ, ಎಚ್ಚರವಾಗಬೇಕಾದವರು ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ. ಇದನ್ನು ತಪ್ಪಿಸಲು ಬೇಕಾದ ಅಂಕಿಗಳೆಲ್ಲ ಬಹಳಷ್ಟು ಸಲ ಅವರ ಕೈಯಲ್ಲಿರುವ ಆ ಹಾಳೆಗಳಲ್ಲೇ ಇರುತ್ತವೆ. ಸಂಕಟದ ಸಂಗತಿ ಅದೇ.

ಸಂಜೆ ಏಳರ ಹೊತ್ತಿಗೆ ಯಾವುದೇ ಊರಿನ ಲ್ಯಾಬ್ ಕೌಂಟರಿನ ಮುಂದೆ ನಿಂತರೂ ಈ ಇಬ್ಬರು ಸಿಗುತ್ತಾರೆ. ಮೊದಲನೆಯವನಿಗೆ 38 ವರ್ಷ. ಕಂಪನಿಯವರು ಮಾಡಿಸಿದ ಹೆಲ್ತ್ ಚೆಕಪ್. ಲಿವರ್ ಪರೀಕ್ಷೆಯ ಎರಡು ಅಂಕಿಗಳಾದ ಎಸ್‌ಜಿಪಿಟಿ 78, ಎಸ್‌ಜಿಒಟಿ 46, ಎರಡರ ಪಕ್ಕದಲ್ಲೂ ಸ್ಟಾರ್. ಪ್ಲೇಟ್‌ಲೆಟ್ 2.6 ಲಕ್ಷ. ಸ್ಕ್ಯಾನಿಂಗ್‌ನಲ್ಲಿ ‘ಗ್ರೇಡ್ 2 ಫ್ಯಾಟಿ ಲಿವರ್’. ಮೆಟ್ಟಿಲು ಇಳಿಯುವಷ್ಟರಲ್ಲಿ ಮೊಬೈಲಿನಲ್ಲಿ ಸಿರೋಸಿಸ್ (ಲಿವರ್ ಪೂರ್ತಿ ನಾರುಗಟ್ಟಿ ಗಟ್ಟಿಯಾಗುವ ಕಾಯಿಲೆ) ಬಗ್ಗೆ ಓದಲು ಶುರು ಮಾಡಿರುತ್ತಾನೆ. ಎರಡನೆಯವರಿಗೆ 61, ನಿವೃತ್ತ ಮೇಷ್ಟ್ರು, ಸಕ್ಕರೆ ಕಾಯಿಲೆಗೆ 14 ವರ್ಷ. ಎಸ್‌ಜಿಪಿಟಿ 32, ಎಸ್‌ಜಿಒಟಿ 38. ರಿಪೋರ್ಟ್ ಓದುವುದು ಮಗಳು.

“ಅಪ್ಪಾ, ಲಿವರ್‌ದು ಎಲ್ಲಾ ನಾರ್ಮಲ್ ಬಂದಿದೆ ನೋಡಿ, ಒಂದೂ ಸ್ಟಾರ್ ಇಲ್ಲ.”

“ಹೌದೇನಮ್ಮ? ಐದಾರು ವರ್ಷದ ಹಿಂದೆ ಎಪ್ಪತ್ತೋ ಏನೋ ಇತ್ತು. ಪರವಾಗಿಲ್ಲ, ಇಳಿದಿದೆಯಲ್ಲ.”

“ಪ್ಲೇಟ್‌ಲೆಟ್ ಮಾತ್ರ ಸ್ವಲ್ಪ ಕಡಿಮೆ, ಒಂದು ಲಕ್ಷದ ಮೂವತ್ತೆಂಟು ಸಾವಿರ.”

“ಹೋದ ವರ್ಷ ಡೆಂಗ್ಯೂ ಆಗಿತ್ತಲ್ಲ, ಅದಕ್ಕೇ ಇರಬೇಕು.”

ಈ ನಾಲ್ಕು ಮಾತಿನಲ್ಲಿ ಮೂರು ತಪ್ಪು ತಿಳಿವಳಿಕೆಗಳಿವೆ. ಈ ಇಬ್ಬರಲ್ಲಿ ಲಿವರ್ ಡಾಕ್ಟರರ ಬಳಿಗೆ ಬೇಗ ಹೋಗಬೇಕಾದವರು ಮೇಷ್ಟ್ರು.

ಅದು ಸೋರಿಕೆಯ ಲೆಕ್ಕ

ಈ ಪರೀಕ್ಷೆಯ ಹೆಸರಿನಲ್ಲೇ ಗೊಂದಲವಿದೆ. ಲಿವರ್ ಫಂಕ್ಷನ್ ಟೆಸ್ಟ್, ಎಲ್‌ಎಫ್‌ಟಿ ಎನ್ನುತ್ತೇವೆ. ಎಸ್‌ಜಿಪಿಟಿ, ಎಸ್‌ಜಿಒಟಿ ಎರಡೂ ಲಿವರ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬುದನ್ನು ಅಳೆಯುವುದೇ ಇಲ್ಲ. ಇವು ಜೀವಕೋಶದೊಳಗೆ ಇರಬೇಕಾದ ಕಿಣ್ವಗಳು. ಕೋಶಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರುತ್ತವೆ. ಇವತ್ತಿನ ರಕ್ತದಲ್ಲಿ ಕಾಣುವುದು ಕಳೆದ ಕೆಲವು ದಿನಗಳ ಸೋರಿಕೆ ಮಾತ್ರ, ಏಕೆಂದರೆ ರಕ್ತಕ್ಕೆ ಬಂದ ಎಸ್‌ಜಿಪಿಟಿ ಅರ್ಧಕ್ಕಿಳಿಯಲು ಸುಮಾರು 47 ಗಂಟೆ ಸಾಕು, ಎಸ್‌ಜಿಒಟಿಗೆ ಸುಮಾರು 17 ಗಂಟೆ. ಹೊಸ ರಿಪೋರ್ಟ್‌ಗಳಲ್ಲಿ ಇವನ್ನೇ ಎಎಲ್‌ಟಿ, ಎಎಸ್‌ಟಿ ಎಂದು ಬರೆದಿರುತ್ತಾರೆ; ನಮ್ಮ ಕಡೆ ಹಳೆಯ ಹೆಸರುಗಳೇ ಬಾಯಲ್ಲಿ ಉಳಿದಿವೆ. ಲಿವರಿನ ನಿಜವಾದ ಕೆಲಸ ತಿಳಿಯಬೇಕಾದರೆ ನೋಡಬೇಕಾದದ್ದು ಅದು ತಯಾರಿಸುವ ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ವೇಗ ತಿಳಿಸುವ ಪಿಟಿ–ಐಎನ್‌ಆರ್, ಮತ್ತು ಅದು ಹೊರಹಾಕಬೇಕಾದ ಬಿಲಿರುಬಿನ್. ಇವು ಕೆಡುವಷ್ಟರಲ್ಲಿ ಕಾಯಿಲೆ ತುಂಬ ದೂರ ಹೋಗಿರುತ್ತದೆ.

ಎಸ್‌ಜಿಪಿಟಿ ಮುಖ್ಯವಾಗಿ ಲಿವರಿನದು. ಎಸ್‌ಜಿಒಟಿ ಹಾಗಲ್ಲ, ಹೃದಯದಲ್ಲಿ, ಕೈಕಾಲಿನ ಸ್ನಾಯುಗಳಲ್ಲಿ, ಕೆಂಪು ರಕ್ತಕಣಗಳಲ್ಲಿ ಕೂಡ ಇದೆ. 1950ರ ದಶಕದಲ್ಲಿ ಅದನ್ನು ಮೊದಲು ಬಳಸಿದ್ದು ಹೃದಯಾಘಾತ ಪತ್ತೆಗೆ ಎಂಬುದನ್ನು ನೆನಪಿಟ್ಟುಕೊಂಡರೆ ಅದರ ಸ್ವಭಾವ ಅರ್ಥವಾಗುತ್ತದೆ. ಸರಳವಾದ ಫ್ಯಾಟಿ ಲಿವರಿನಲ್ಲಿ ಸಾಮಾನ್ಯವಾಗಿ ಎಸ್‌ಜಿಪಿಟಿ ಮೇಲಿರುತ್ತದೆ, ಎಸ್‌ಜಿಒಟಿ ಕೆಳಗೆ. ಎಸ್‌ಜಿಒಟಿಯು ಎಸ್‌ಜಿಪಿಟಿಯ ಎರಡು ಪಟ್ಟು ದಾಟಿದ್ದರೆ ಮದ್ಯದ ಬಗ್ಗೆ ಮುಚ್ಚುಮರೆಯಿಲ್ಲದೆ ಕೇಳಬೇಕು. ಮದ್ಯ ಇಲ್ಲದವರಲ್ಲೂ ಎಸ್‌ಜಿಒಟಿ ಮೆಲ್ಲಗೆ ಎಸ್‌ಜಿಪಿಟಿಯನ್ನು ಹಿಂದೆ ಹಾಕಿದರೆ, ಅದು ಲಿವರ್ ನಾರುಗಟ್ಟುತ್ತಿರುವ, ಅಂದರೆ ಗಾಯದ ಕಲೆಯಂತೆ ಗಟ್ಟಿಯಾಗುತ್ತಿರುವ ಸೂಚನೆಯಾಗಿರಬಹುದು. ಮೇಷ್ಟ್ರ ರಿಪೋರ್ಟಿನಲ್ಲಿ 38 ಮತ್ತು 32. ಎರಡೂ ‘ನಾರ್ಮಲ್’, ಆದರೆ ಕ್ರಮ ತಿರುಗಿದೆ. ಕಂಪ್ಯೂಟರ್ ಸ್ಟಾರ್ ಹಾಕುವುದು ಒಂದೊಂದು ಅಂಕಿಯನ್ನು ಬೇರೆಬೇರೆಯಾಗಿ ನೋಡಿ. ಎರಡರ ನಡುವಿನ ಸಂಬಂಧಕ್ಕೆ ಅದು ಸ್ಟಾರ್ ಹಾಕುವುದಿಲ್ಲ.

ನಾರ್ಮಲ್ ಎಂದರೆ ಎಷ್ಟು

ಬಹಳಷ್ಟು ರಿಪೋರ್ಟ್‌ಗಳಲ್ಲಿ ಎಸ್‌ಜಿಪಿಟಿಯ ಮೇಲಿನ ಗಡಿ 40ರಿಂದ 55ರ ನಡುವೆ ಎಲ್ಲೋ ಇರುತ್ತದೆ. ಆರೋಗ್ಯವಂತರು ಎಂದುಕೊಂಡ ಒಂದಷ್ಟು ಜನರ ರಕ್ತ ಅಳೆದು, ಅವರಲ್ಲಿ ಬಹುಪಾಲು ಜನ ಎಲ್ಲಿ ಬೀಳುತ್ತಾರೋ ಅಲ್ಲಿಗೆ ಗೆರೆ ಎಳೆಯುವುದು ರೂಢಿ. ತೊಂದರೆ ಏನೆಂದರೆ, ಹಾಗೆ ಆರಿಸಿದ ‘ಆರೋಗ್ಯವಂತರಲ್ಲಿ’ ಎಷ್ಟೋ ಜನಕ್ಕೆ ತಮಗೇ ಗೊತ್ತಿಲ್ಲದ ಫ್ಯಾಟಿ ಲಿವರ್ ಇತ್ತು. ಇಟಲಿಯಲ್ಲಿ ರಕ್ತದಾನಿಗಳ ಪೈಕಿ ತೂಕ, ಸಕ್ಕರೆ, ಕೊಬ್ಬು ಎಲ್ಲ ಸರಿಯಿದ್ದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು 2002ರಲ್ಲಿ ಪ್ರಕಟಿಸಿದ ಗಡಿ ಗಂಡಸರಿಗೆ 30, ಹೆಂಗಸರಿಗೆ 19. ಅಮೆರಿಕದ ಜಠರ–ಕರುಳು ತಜ್ಞರ ಸಂಘ 2017ರಲ್ಲಿ ಹೇಳಿದ್ದು ಗಂಡಸರಿಗೆ 29ರಿಂದ 33, ಹೆಂಗಸರಿಗೆ 19ರಿಂದ 25. ಆದ್ದರಿಂದ ಸಕ್ಕರೆ ಕಾಯಿಲೆ ಇರುವ, ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದ ಹೆಂಗಸಿನ ಎಸ್‌ಜಿಪಿಟಿ 36 ಬಂದರೆ, ಸ್ಟಾರ್ ಇಲ್ಲದಿದ್ದರೂ ಅದು ಮಾತಾಡಬೇಕಾದ ಅಂಕಿ.

ಒಂದೇ ಮನುಷ್ಯನ ಎಸ್‌ಜಿಪಿಟಿ ದಿನದಿಂದ ದಿನಕ್ಕೆ ಶೇಕಡಾ 10ರಿಂದ 30ರಷ್ಟು ತಾನಾಗಿಯೇ ಏರಿಳಿಯುತ್ತದೆ. ಹೋದ ತಿಂಗಳು 52, ಈಗ 58 ಎಂದು ಗಾಬರಿಯಾಗುವುದಕ್ಕೂ, 58ರಿಂದ 52ಕ್ಕೆ ಇಳಿಯಿತೆಂದು ಹಿಗ್ಗುವುದಕ್ಕೂ ಆಧಾರವಿಲ್ಲ. ಲ್ಯಾಬ್ ಬದಲಾದರೆ ಇನ್ನೂ ಕಷ್ಟ. ಈ ಕಿಣ್ವವನ್ನು ತೂಕ ಮಾಡುವುದಿಲ್ಲ, ಅದು ಎಷ್ಟು ಚುರುಕಾಗಿ ಕೆಲಸ ಮಾಡುತ್ತದೆ ಎಂದು ನೋಡುತ್ತಾರೆ: 37 ಡಿಗ್ರಿಯಲ್ಲಿ ಸೀರಮ್ಮಿಗೆ (ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ತಿಳಿ ದ್ರವ) ರಾಸಾಯನಿಕ ಬೆರೆಸಿ, 340 ನ್ಯಾನೊಮೀಟರ್ ಬೆಳಕನ್ನು ಹೀರುವ ಶಕ್ತಿ ನಿಮಿಷಕ್ಕೆ ಎಷ್ಟು ಇಳಿಯುತ್ತದೆ ಎಂಬ ಲೆಕ್ಕ. ಕಿಣ್ವ ಪೂರ್ಣವಾಗಿ ಕೆಲಸ ಮಾಡಲು ಬಿ6 ಜೀವಸತ್ವದ ಒಂದು ರೂಪ ಬೇಕು. ಕೆಲವು ಕಿಟ್‌ಗಳಲ್ಲಿ ಅದನ್ನು ಸೇರಿಸಿರುತ್ತಾರೆ, ಕೆಲವದರಲ್ಲಿ ಇಲ್ಲ. ಅದೇ ರಕ್ತ, ಎರಡು ಅಂಕಿ. ವರ್ಷಗಟ್ಟಲೆ ಹೋಲಿಸಿ ನೋಡಬೇಕೆಂದಿದ್ದರೆ ಒಂದೇ ಲ್ಯಾಬಿಗೆ, ಬೆಳಗಿನ ಅದೇ ಹೊತ್ತಿಗೆ ಹೋಗುವುದು ಒಳ್ಳೆಯದು. ಖಾಲಿ ಹೊಟ್ಟೆ ಬೇಕಾಗುವುದು ಸಕ್ಕರೆಗೆ, ಟ್ರೈಗ್ಲಿಸರೈಡ್‌ಗೆ. ಈ ಕಿಣ್ವಗಳಿಗೆ ಅಷ್ಟು ಮುಖ್ಯವಲ್ಲ.

ಇಳಿದ ಅಂಕಿ

ಮೇಷ್ಟ್ರ ಎಸ್‌ಜಿಪಿಟಿ 70ರಿಂದ 32ಕ್ಕೆ ಇಳಿದಿದೆ. ತೂಕ ಇಳಿಸಿ, ಸಕ್ಕರೆ ಹತೋಟಿಗೆ ತಂದು ಇಳಿದಿದ್ದರೆ ನಿಜಕ್ಕೂ ಸಂತೋಷಪಡಬೇಕು. ತೂಕ ಅಷ್ಟೇ ಇದ್ದು, ಸಕ್ಕರೆಯೂ ಏರಿಯೇ ಇದ್ದು ಕಿಣ್ವ ಮಾತ್ರ ಇಳಿದಿದ್ದರೆ ಅನುಮಾನ ಪಡಬೇಕು. ವರ್ಷಗಟ್ಟಲೆ ಉರಿಯೂತ ನಡೆದ ಜಾಗದಲ್ಲಿ ಜೀವಕೋಶಗಳು ಸತ್ತು ನಾರು ಕಟ್ಟುತ್ತಾ ಬಂದಾಗ, ಸೋರಲು ಕೋಶಗಳೇ ಕಡಿಮೆಯಾಗುತ್ತವೆ. ಉರಿದು ಮುಗಿದ ಒಲೆಯಲ್ಲಿ ಹೊಗೆ ಏಳುವುದಿಲ್ಲ. ಸಿರೋಸಿಸ್ ಆದ ಎಷ್ಟೋ ಜನರ ಎಸ್‌ಜಿಪಿಟಿ ಅಚ್ಚುಕಟ್ಟಾಗಿ ಗಡಿಯೊಳಗಿರುತ್ತದೆ. ಎಸ್‌ಜಿಒಟಿ ಅಷ್ಟು ಇಳಿಯದಿರುವುದಕ್ಕೆ ಒಂದು ಕಾರಣ, ಅದನ್ನು ರಕ್ತದಿಂದ ಗುಡಿಸಿ ತೆಗೆಯುವ ಕೆಲಸವೂ ಲಿವರಿನದೇ. ನಾರುಗಟ್ಟಿದ ಲಿವರ್ ಆ ಕೆಲಸದಲ್ಲಿ ಹಿಂದೆ ಬೀಳುತ್ತದೆ.

ಪ್ಲೇಟ್‌ಲೆಟ್ ಕತೆಯೂ ಅಲ್ಲಿಗೇ ಬಂದು ಸೇರುತ್ತದೆ. ಲಿವರ್ ಗಟ್ಟಿಯಾದಂತೆ ಅದರೊಳಗೆ ಹರಿಯಬೇಕಾದ ರಕ್ತಕ್ಕೆ ತಡೆಯಾಗಿ ಗುಲ್ಮದಲ್ಲಿ (ಸ್ಪ್ಲೀನ್) ಒತ್ತಡ ಹೆಚ್ಚುತ್ತದೆ, ಗುಲ್ಮ ದೊಡ್ಡದಾಗುತ್ತದೆ, ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ಲೇಟ್‌ಲೆಟ್ ಹುಟ್ಟಿಸಲು ಮೂಳೆಯ ಮಜ್ಜೆಗೆ ಸಂದೇಶ ಕಳಿಸುವ ಹಾರ್ಮೋನನ್ನು ತಯಾರಿಸುವುದೂ ಮುಖ್ಯವಾಗಿ ಲಿವರೇ, ಅದೂ ಕಡಿಮೆಯಾಗುತ್ತದೆ. ಡೆಂಗ್ಯೂನಲ್ಲಿ ಇಳಿದ ಪ್ಲೇಟ್‌ಲೆಟ್ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಮೇಲೇರುತ್ತದೆ. ವರ್ಷದ ನಂತರವೂ ಒಂದೂವರೆ ಲಕ್ಷದ ಕೆಳಗೇ ಕೂತಿದ್ದರೆ ಅದಕ್ಕೆ ಡೆಂಗ್ಯೂವನ್ನು ಹೊಣೆ ಮಾಡುವಂತಿಲ್ಲ.

ನಾಲ್ಕು ಅಂಕಿಯ ಲೆಕ್ಕ

ಫ್ಯಾಟಿ ಲಿವರಿನಲ್ಲಿ ಮುಂದೆ ಏನಾಗುತ್ತದೆ ಎಂಬುದನ್ನು ನಿರ್ಧರಿಸುವುದು ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ನಾರು ಎಷ್ಟು ಕಟ್ಟಿದೆ ಎಂಬುದು. ಸ್ಕ್ಯಾನಿಂಗ್‌ನಲ್ಲಿ ಬರುವ ಗ್ರೇಡ್ 1, 2, 3 ಕೊಬ್ಬಿನ ಹೊಳಪಿನ ಅಂದಾಜು. ನಾರಿನ ಮಾತನ್ನು ಅದು ಆಡುವುದಿಲ್ಲ. ಗ್ರೇಡ್ 1 ಇದ್ದವರಲ್ಲಿ ಸಿರೋಸಿಸ್ ಸಮೀಪಿಸಿರಬಹುದು, ಗ್ರೇಡ್ 3 ಇದ್ದವರಲ್ಲಿ ನಾರೇ ಇಲ್ಲದಿರಬಹುದು. ನಾರಿನ ಅಂದಾಜಿಗೆ ಇರುವ ಅತಿ ಅಗ್ಗದ ದಾರಿ ಫಿಬ್-4. ಬೇಕಾದದ್ದು ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್. 2006ರಲ್ಲಿ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಎರಡೂ ಇದ್ದವರಿಗಾಗಿ ಹುಟ್ಟಿದ ಸೂತ್ರ, ಈಗ ಫ್ಯಾಟಿ ಲಿವರಿನ ಮೊದಲ ಮೆಟ್ಟಿಲಾಗಿದೆ.

ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಅದು ಮೇಲೆ. ಪ್ಲೇಟ್‌ಲೆಟ್ಟನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಅದು ಕೆಳಗೆ. ಮೇಲಿನದನ್ನು ಕೆಳಗಿನದರಿಂದ ಭಾಗಿಸಿ. ನಮ್ಮಲ್ಲಿ ಲೆಕ್ಕ ತಪ್ಪುವುದು ಹೆಚ್ಚಾಗಿ ಪ್ಲೇಟ್‌ಲೆಟ್ಟಿನಲ್ಲಿ. ಸೂತ್ರಕ್ಕೆ ಬೇಕಾದದ್ದು ಸಾವಿರದ ಲೆಕ್ಕ, ನಮ್ಮ ರಿಪೋರ್ಟಿನಲ್ಲಿರುವುದು ಲಕ್ಷದ ಲೆಕ್ಕ. 2.6 ಲಕ್ಷ ಎಂದಿದ್ದರೆ 260 ಎಂದು ಹಾಕಬೇಕು, 1.38 ಲಕ್ಷಕ್ಕೆ 138. ಮೊಬೈಲಿನ ಕ್ಯಾಲ್ಕುಲೇಟರಿಗೆ 2.6 ಎಂದೇ ಕೊಟ್ಟರೆ ಉತ್ತರ ನೂರು ಪಟ್ಟು ಹಿಗ್ಗಿ ಪ್ರಾಣವೇ ಹೋದಂತಾಗುತ್ತದೆ.

ಈಗ ಆ ಇಬ್ಬರು. 38ರವನದು: 38 ಗುಣಿಸು 46, ಅಂದರೆ 1748. 78ರ ವರ್ಗಮೂಲ 8.83, ಗುಣಿಸು 260, ಅಂದರೆ ಸುಮಾರು 2296. ಫಿಬ್-4 ಬರುವುದು 0.76. ಮೇಷ್ಟ್ರದು: 61 ಗುಣಿಸು 38, 2318. 32ರ ವರ್ಗಮೂಲ 5.66, ಗುಣಿಸು 138, ಸುಮಾರು 781. ಫಿಬ್-4 ಬರುವುದು 2.97. 1.3ರ ಕೆಳಗಿದ್ದರೆ ಹೆಚ್ಚಿನ ನಾರು ಇರುವ ಸಂಭವ ಕಡಿಮೆ, 2.67ರ ಮೇಲಿದ್ದರೆ ಲಿವರ್ ತಜ್ಞರನ್ನು ಕಾಣಲೇಬೇಕು. ನಡುವೆ ಇದ್ದರೆ ಲಿವರಿನ ಗಟ್ಟಿತನ ಅಳೆಯುವ ಫೈಬ್ರೋಸ್ಕ್ಯಾನ್‌ನಂಥ ಇನ್ನೊಂದು ಪರೀಕ್ಷೆ. 65 ದಾಟಿದವರಿಗೆ ಕೆಳಗಿನ ಗಡಿಯನ್ನು 2.0 ಎಂದು ಇಟ್ಟುಕೊಳ್ಳುತ್ತಾರೆ, ಏಕೆಂದರೆ ವಯಸ್ಸು ಸೂತ್ರದಲ್ಲೇ ಇರುವುದರಿಂದ ಅಂಕಿ ತಾನಾಗಿಯೇ ಏರುತ್ತದೆ. 35ರ ಒಳಗಿನವರಲ್ಲಿ ಈ ಲೆಕ್ಕವನ್ನು ಅಷ್ಟಾಗಿ ನಂಬುವಂತಿಲ್ಲ. ಇನ್ನೊಂದು ಮಾತು: ಫಿಬ್-4ರ ಶಕ್ತಿ ಇರುವುದು ಅಪಾಯ ಇಲ್ಲದವರನ್ನು ಬೇರ್ಪಡಿಸುವುದರಲ್ಲಿ. ಹೆಚ್ಚು ಬಂದ ಮಾತ್ರಕ್ಕೆ ಸಿರೋಸಿಸ್ ಎಂದು ತೀರ್ಪು ಕೊಡುವ ಯೋಗ್ಯತೆ ಅದಕ್ಕಿಲ್ಲ.

2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಫ್ಯಾಟಿ ಲಿವರನ್ನು ಸಕ್ಕರೆ ಕಾಯಿಲೆ, ಹೃದ್ರೋಗ, ಕ್ಯಾನ್ಸರ್‌ಗಳ ರಾಷ್ಟ್ರೀಯ ಕಾರ್ಯಕ್ರಮದೊಳಕ್ಕೆ ತಂದಿತು. ಸಕ್ಕರೆ ಕಾಯಿಲೆಯವರಿಗೆ ವರ್ಷಕ್ಕೊಮ್ಮೆ ಕಣ್ಣು, ಪಾದ, ಮೂತ್ರ ನೋಡುವ ಹಾಗೆಯೇ ಈ ಭಾಗಾಕಾರವನ್ನೂ ಮಾಡಿಬಿಟ್ಟರೆ ಎಷ್ಟೋ ಮೇಷ್ಟ್ರುಗಳು ಬೇಗ ಸಿಗುತ್ತಾರೆ. ಇದಕ್ಕೆ ಹೊಸ ಯಂತ್ರ ಬೇಡ. ಎಲ್‌ಎಫ್‌ಟಿ ಮತ್ತು ರಕ್ತಕಣಗಳನ್ನು ಎಣಿಸುವ ಸಿಬಿಸಿ ಒಂದೇ ದಿನ ಮಾಡಿಸಿದರೆ ಸಾಕು. ಲಿವರಿನ ಹಾಳೆ ಒಂದು ಕಡೆ, ರಕ್ತಕಣಗಳ ಹಾಳೆ ಇನ್ನೊಂದು ಕಡೆ ಇರುವುದರಿಂದಲೇ ಎರಡನ್ನೂ ಯಾರೂ ಒಟ್ಟಿಗೆ ನೋಡುವುದಿಲ್ಲ.

ಲೆಕ್ಕ ಕೆಡುವ ಜಾಗಗಳು

ಮಳೆಗಾಲದಲ್ಲಿ ಈ ಸೂತ್ರವನ್ನು ಹುಷಾರಾಗಿ ಬಳಸಬೇಕು. ಡೆಂಗ್ಯೂ ಎಸ್‌ಜಿಒಟಿಯನ್ನು ಎಸ್‌ಜಿಪಿಟಿಗಿಂತ ಹೆಚ್ಚು ಏರಿಸುತ್ತದೆ, ಪ್ಲೇಟ್‌ಲೆಟ್ ಇಳಿಸುತ್ತದೆ. ಎರಡೂ ಫಿಬ್-4ನ್ನು ಒಂದೇ ದಿಕ್ಕಿಗೆ ತಳ್ಳುತ್ತವೆ. ಆ 38ರವನಿಗೇ ಡೆಂಗ್ಯೂ ಬಂದು ಎಸ್‌ಜಿಒಟಿ 210, ಎಸ್‌ಜಿಪಿಟಿ 140, ಪ್ಲೇಟ್‌ಲೆಟ್ 60 ಸಾವಿರ ಆಯಿತೆನ್ನಿ: ಫಿಬ್-4 ಹನ್ನೊಂದು ದಾಟುತ್ತದೆ. ಅದಕ್ಕೆ ಅರ್ಥವೇ ಇಲ್ಲ. ಯಾವ ಜ್ವರವೇ ಇರಲಿ, ವಾಸಿಯಾಗಿ ಒಂದೆರಡು ತಿಂಗಳು ಕಳೆದ ಮೇಲೆ ತೆಗೆದ ರಕ್ತದಿಂದ ಲೆಕ್ಕ ಹಾಕಬೇಕು.

ಇನ್ನೊಂದು ತಪ್ಪು ರಕ್ತ ತುಂಬಿಸುವ ಟ್ಯೂಬಿನಲ್ಲೇ ಹುಟ್ಟುತ್ತದೆ. ಸಿಬಿಸಿಗೆ ನೇರಳೆ ಮುಚ್ಚಳದ ಟ್ಯೂಬ್ ಬಳಸುತ್ತಾರೆ. ಅದರೊಳಗಿನ ಇಡಿಟಿಎ ಎಂಬ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ ಕೆಲವರ ಪ್ಲೇಟ್‌ಲೆಟ್‌ಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಯಂತ್ರ ಆ ಮುದ್ದೆಯನ್ನು ಪ್ಲೇಟ್‌ಲೆಟ್ ಎಂದು ಗುರುತಿಸದೆ ಕಡಿಮೆ ಎಣಿಸುತ್ತದೆ. ಮೈಯಲ್ಲಿ ಎರಡು ಲಕ್ಷವಿದ್ದರೂ ಹಾಳೆಯಲ್ಲಿ ತೊಂಬತ್ತು ಸಾವಿರ. ರಕ್ತಸ್ರಾವದ ಯಾವ ಲಕ್ಷಣವೂ ಇಲ್ಲದೆ ಪ್ಲೇಟ್‌ಲೆಟ್ ಇದ್ದಕ್ಕಿದ್ದಂತೆ ಕಡಿಮೆ ಬಂದರೆ, ಗಾಜಿನ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡಿದ್ದೀರಾ ಎಂದು ಕೇಳಬೇಕು. ಮುದ್ದೆ ಕಂಡರೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ತೆಗೆದು, ಬಂದ ಅಂಕಿಯನ್ನು 1.1ರಿಂದ ಗುಣಿಸುತ್ತಾರೆ, ಆ ಟ್ಯೂಬಿನಲ್ಲಿರುವ ದ್ರವ ರಕ್ತವನ್ನು ಅಷ್ಟು ತೆಳುವಾಗಿಸಿರುತ್ತದೆ.

ನರ ಸಿಗದೆ ಚುಚ್ಚಿ ಚುಚ್ಚಿ, ಸಿರಿಂಜಿನಿಂದ ಜೋರಾಗಿ ಟ್ಯೂಬಿಗೆ ಒತ್ತಿದರೆ ಕೆಂಪುಕಣಗಳು ಒಡೆಯುತ್ತವೆ. ಅವುಗಳೊಳಗಿನ ಎಸ್‌ಜಿಒಟಿ ಸೀರಮ್ಮಿಗೆ ಬೆರೆಯುತ್ತದೆ. ರಿಪೋರ್ಟಿನ ಅಡಿಯಲ್ಲಿ ‘ಹೀಮೊಲೈಜ್ಡ್ ಸ್ಯಾಂಪಲ್’ ಎಂದು ಸಣ್ಣಕ್ಷರದಲ್ಲಿದ್ದರೆ ಆ ಎಸ್‌ಜಿಒಟಿಯನ್ನು ಬಿಟ್ಟು, ಹೊಸದಾಗಿ ರಕ್ತ ಕೊಡಬೇಕು. ಜಿಮ್‌ನ ಕತೆಯೂ ಹೀಗೇ. ಲಿವರ್ ಸರಿಮಾಡಿಕೊಳ್ಳುತ್ತೇನೆಂದು ಹುರುಪಿನಿಂದ ಮೊದಲ ವಾರವೇ ಭಾರ ಎತ್ತಿ, ಐದನೇ ದಿನ ರಕ್ತ ಕೊಟ್ಟರೆ ಎರಡೂ ಕಿಣ್ವ ಏರಿರುತ್ತವೆ, ಅದು ಸ್ನಾಯುವಿನದು. ಅಭ್ಯಾಸವಿಲ್ಲದವರಲ್ಲಿ ಈ ಏರಿಕೆ ಒಂದು ವಾರಕ್ಕೂ ಹೆಚ್ಚು ನಿಲ್ಲಬಹುದು. ಅನುಮಾನವಿದ್ದರೆ ಸ್ನಾಯುವಿನ ಪೆಟ್ಟು ತೋರಿಸುವ ಸಿಪಿಕೆ ಪರೀಕ್ಷೆ ಸೇರಿಸಿದರೆ ಗೊತ್ತಾಗುತ್ತದೆ. ವ್ಯಾಯಾಮ ಬಿಡುವುದು ಬೇಡ, ರಕ್ತ ಕೊಡುವ ಮೊದಲಿನ ವಾರ ಭಾರ ಎತ್ತದೆ ನಡಿಗೆಗೆ ನಿಲ್ಲಿಸಿದರೆ ಸಾಕು.

ಎಲ್ಲವನ್ನೂ ಕೊಬ್ಬಿನ ತಲೆಗೆ ಕಟ್ಟಬಾರದು

ಫ್ಯಾಟಿ ಲಿವರ್ ಎಷ್ಟು ಸಾಮಾನ್ಯವೆಂದರೆ ಬೇರೆ ಕಾಯಿಲೆಗಳು ಅದರ ಹಿಂದೆ ಅಡಗಿಕೊಳ್ಳುತ್ತವೆ. ಕೊಬ್ಬು ಮಾತ್ರವೇ ಕಾರಣವಾಗಿದ್ದರೆ ಎಸ್‌ಜಿಪಿಟಿ 200 ದಾಟುವುದು ಅಪರೂಪ. ದಾಟಿದರೆ ಬೇರೆ ಕಾರಣ ಹುಡುಕಬೇಕು. ಅಂಕಿ ಚಿಕ್ಕದಿದ್ದರೂ ಜೀವನದಲ್ಲಿ ಒಮ್ಮೆಯಾದರೂ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಆಗಿರಬೇಕು. ಕ್ಷಯದ ಮಾತ್ರೆ, ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಬೇಕು. ಕೊಲೆಸ್ಟ್ರಾಲಿನ ಸ್ಟಾಟಿನ್ ಮಾತ್ರೆಯನ್ನು ಎಸ್‌ಜಿಪಿಟಿ 60 ಬಂತೆಂದು ಹೆದರಿ ತಾವಾಗಿಯೇ ನಿಲ್ಲಿಸುವವರು ಬಹಳ. ಮೇಲಿನ ಗಡಿಯ ಮೂರು ಪಟ್ಟು ದಾಟಿ ಹಾಗೆಯೇ ನಿಂತರೆ ಮಾತ್ರ ಡಾಕ್ಟರರು ಆ ಬಗ್ಗೆ ಯೋಚಿಸುತ್ತಾರೆ. ಫ್ಯಾಟಿ ಲಿವರ್ ಇರುವವರನ್ನು ಹೆಚ್ಚಾಗಿ ಕಾಡುವುದು ಹೃದಯದ ಕಾಯಿಲೆ. ಅದನ್ನು ತಡೆಯುವ ಮಾತ್ರೆಯನ್ನೇ ಬಿಡುವುದು ದೊಡ್ಡ ನಷ್ಟ.

ಮನೆಮದ್ದಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದ ಕೆಲವರಲ್ಲಿ ಲಿವರಿಗೆ ತೀವ್ರ ಪೆಟ್ಟಾದದ್ದನ್ನು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. ಮೈಯ ರೋಗನಿರೋಧಕ ಶಕ್ತಿಯೇ ಲಿವರಿನ ಮೇಲೆ ತಿರುಗಿಬಿದ್ದಂಥ ಚಿತ್ರ. ನಮ್ಮ ಉತ್ತರ ಕನ್ನಡದ ಕಾಡಿನ ಉಪ್ಪಾಗೆಯದು ಇನ್ನೊಂದು ಕತೆ. ಸಾರಿಗೆ ಹುಳಿಯಾಗಿ ಅದು ನಿರಪಾಯಕಾರಿ. ಅದರ ಸಿಪ್ಪೆಯ ಸತ್ವವನ್ನು ಗಾಢವಾಗಿಸಿ ‘ಗಾರ್ಸೀನಿಯಾ’ ಎಂಬ ಹೆಸರಿನಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಮಾರುತ್ತಾರೆ, ಅದನ್ನು ನುಂಗಿದ ಕೆಲವರಲ್ಲಿ ಕಾಮಾಲೆಯಾಗಿ ಲಿವರ್ ಕೆಟ್ಟ ವರದಿಗಳಿವೆ. ಫ್ಯಾಟಿ ಲಿವರಿಗೆಂದು ತೂಕ ಇಳಿಸಲು ಹೊರಟವರೇ ಇದನ್ನು ಕೊಳ್ಳುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ತೂಕ ಇಳಿಸುವ ಲೆಕ್ಕ ಸರಳ. ಶೇಕಡಾ 5 ಇಳಿದರೆ ಕೊಬ್ಬು ಕರಗಲು ಶುರು. 7ರಿಂದ 10 ಇಳಿದರೆ ಉರಿಯೂತ ತಗ್ಗುತ್ತದೆ. 10 ದಾಟಿದರೆ ನಾರು ಕೂಡ ಹಿಂದೆ ಸರಿಯಬಹುದು. 80 ಕಿಲೋ ಇರುವವರಿಗೆ 7 ಎಂದರೆ 5.6 ಕಿಲೋ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಮೀರದಂತೆ. ಉಪವಾಸ ಬಿದ್ದು ಗಡಿಬಿಡಿಯಲ್ಲಿ ಇಳಿಸಿದರೆ ಕಿಣ್ವ ಒಮ್ಮೆ ಏರಿ ಹೆದರಿಸಬಹುದು. ಆದ್ದರಿಂದ ಆ 38ರವನು ಪ್ರತಿ ತಿಂಗಳು ರಕ್ತ ಕೊಡುವ ಬದಲು ತಟ್ಟೆಯ ಅನ್ನ ಅರ್ಧ ಮಾಡಿ, ಸಂಜೆಯ ಬೇಕರಿ ತಿಂಡಿಯನ್ನೂ ತಂಪುಪಾನೀಯವನ್ನೂ ಬಿಟ್ಟು, ಆರು ತಿಂಗಳ ನಂತರ ಅದೇ ಲ್ಯಾಬಿಗೆ ಹೋಗಲಿ. 78ರ ಎಸ್‌ಜಿಪಿಟಿ 17 ಯೂನಿಟ್‌ಗಿಂತ ಹೆಚ್ಚು ಇಳಿದಿದ್ದರೆ ಲಿವರಿನೊಳಗೂ ಸುಧಾರಣೆ ಆಗಿರುವ ಸಂಭವ ಹೆಚ್ಚೆಂದು ಬಯಾಪ್ಸಿ ಮಾಡಿ (ಲಿವರಿನ ಚೂರು ತೆಗೆದು ನೋಡಿ) ಹೋಲಿಸಿದ ಅಧ್ಯಯನಗಳು ತೋರಿಸಿವೆ. ಸಕ್ಕರೆ ಹಾಕದ ಕಾಫಿಯನ್ನು ಬಿಡಬೇಕಾಗಿಲ್ಲ, ಅದು ಲಿವರಿಗೆ ಒಳ್ಳೆಯದೇ.

ಮೇಷ್ಟ್ರ ಮುಂದಿನ ಹೆಜ್ಜೆ ಫೈಬ್ರೋಸ್ಕ್ಯಾನ್. ಮೂರು ಗಂಟೆ ಏನೂ ತಿನ್ನದೆ ಹೋಗಬೇಕು; ಊಟ ಮಾಡಿ ಹೋದರೆ ಲಿವರಿಗೆ ರಕ್ತ ಹೆಚ್ಚು ಹರಿದು ಗಟ್ಟಿತನ ಇದ್ದದ್ದಕ್ಕಿಂತ ಹೆಚ್ಚು ತೋರುತ್ತದೆ. ಹತ್ತು ಸಲ ಅಳೆದಿರಬೇಕು, ರಿಪೋರ್ಟಿನಲ್ಲಿ ಐಕ್ಯೂಆರ್ ಎಂದಿರುವ ಏರುಪೇರು ಶೇಕಡಾ 30ರ ಒಳಗಿರಬೇಕು, ಹೊಟ್ಟೆ ದಪ್ಪವಿದ್ದವರಿಗೆ ಎಕ್ಸ್‌ಎಲ್ ಪ್ರೋಬ್ ಬಳಸಿರಬೇಕು. 8 ಕಿಲೋಪಾಸ್ಕಲ್‌ಗಿಂತ ಕಡಿಮೆ ಬಂದರೆ ನೆಮ್ಮದಿ, ಆದರೆ ಪ್ಲೇಟ್‌ಲೆಟ್ ಏಕೆ ಕಡಿಮೆಯಿದೆ ಎಂಬ ಪ್ರಶ್ನೆ ಉಳಿಯುತ್ತದೆ, ಅದಕ್ಕೆ ಉತ್ತರ ಬೇರೆ ಕಡೆ ಹುಡುಕಬೇಕು. 12 ದಾಟಿದ್ದರೆ ನಾರು ಬಲವಾಗಿ ಕಟ್ಟಿದೆ ಎಂದೇ ತಿಳಿದು ಮುಂದುವರಿಯುತ್ತಾರೆ. ಸಿರೋಸಿಸ್ ಎಂದು ಖಚಿತವಾದರೆ, ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕಡಿಮೆ ಇರುವುದರಿಂದ ಅನ್ನನಾಳದ ರಕ್ತನಾಳಗಳು ಉಬ್ಬಿವೆಯೇ ಎಂದು ಎಂಡೋಸ್ಕೋಪಿ ಮಾಡಿ ನೋಡುತ್ತಾರೆ. ಉಬ್ಬಿದ್ದರೆ ರಕ್ತ ಕಾರುವ ಮೊದಲೇ ಮಾತ್ರೆ ಶುರು ಮಾಡಬಹುದು. ಅಲ್ಲಿಂದ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್, ಜೊತೆಗೆ ಎಎಫ್‌ಪಿ ರಕ್ತಪರೀಕ್ಷೆ, ಲಿವರಿನಲ್ಲಿ ಗಡ್ಡೆ ಚಿಕ್ಕದಿರುವಾಗಲೇ ಸಿಗಲೆಂದು. ಮಗಳು ಬೀರುವಿನಿಂದ ಹಳೆಯ ಹಾಳೆಗಳನ್ನೆಲ್ಲ ತೆಗೆದು, ವರ್ಷವಾರು ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಮೂರನ್ನೇ ಒಂದು ಕಾಗದದಲ್ಲಿ ಸಾಲಾಗಿ ಬರೆದು ತಂದರೆ, ತಜ್ಞರು ಮೊದಲು ನೋಡುವುದು ಆ ಕಾಗದವನ್ನು.